ಬಳ್ಳಿಗಾವಿಯ ಬಾಂದುಕಲ್ಲು

ಸಂಗಮೇಶನೇ ನನ್ನನ್ನು ಏಮಾರಿಸುತ್ತಿದ್ದಾನೆ ಎಂದು ಮೂರು ದಿನ ನಂಬಿದ್ದೆ. ಹಾಗೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಿಮಾಲಯದ ಹಿಮನದಿಗಳು ಎಷ್ಟೆಷ್ಟು ಸರಿದವೆಂದು ಜಿಪಿಎಸ್ ಅಂಕಿಗಳಿಂದ ನಕ್ಷೆ ಬಿಡಿಸುವ ಸಾಫ್ಟ್‌ವೇರನ್ನು ನಾವಿಬ್ಬರೂ ಶಿಕಾರಿಪುರದಲ್ಲಿ ಕೂತು ಬರೆಯುತ್ತಿದ್ದೆವು. ಪರೀಕ್ಷೆಗೆ ಒಂದಿಷ್ಟೂ ಅಲುಗದ ಜಾಗ ಬೇಕಿತ್ತು. ಬಳ್ಳಿಗಾವಿಯ ರೈತ ಹುಚ್ಚರಾಯಪ್ಪನವರ ಹೊಲದ ಬಾಂದುಕಲ್ಲಿನ ಮೇಲೆ ಜಿಪಿಎಸ್ ಯಂತ್ರ ಕೂರಿಸಿದೆವು. ಗಡಿಯ ಕಲ್ಲು ಅದು. ಬೆರಳಷ್ಟು ಸರಿಸಿದರೂ ಊರಲ್ಲಿ ಹೊಡೆದಾಟವಾಗುತ್ತದೆ.

ನಕ್ಷೆಯಲ್ಲಿ ಆ ಕಲ್ಲು ದಿನಕ್ಕೊಂದು ಗೇಣು ಸರಿಯಿತು, ಥೇಟ್ ಹಿಮನದಿಯಂತೆ.

"ಅಂಕಿ ತಿದ್ದಿದೀಯೇನೋ?" ಎಂದೆ.

"ನಿಮ್ಮಾಣೆ, ನಾ ಮುಟ್ಟಿಲ್ರೀ ಮೇಡಂ."

ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಹೊಲಕ್ಕೇ ಹೋದೆವು. ಬಿಸಿಲಿಗೆ ಮಣ್ಣು ಕಾದಿತ್ತು. ಕಲ್ಲು ಮಾತ್ರ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಪಕ್ಕದ ಹುಣಸೆಮರದಿಂದ ಟೇಪು ಹಿಡಿದು ಅಳೆದೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ.

ನಕ್ಷೆಯ ಕಥೆ ಕೇಳಿಯೂ ಹುಚ್ಚರಾಯಪ್ಪ ನಗಲಿಲ್ಲ. "ಕಲ್ಲು ಎಲ್ಲಿಗೂ ಹೋಗಿಲ್ಲವ್ವಾ. ಹೊಲಾನೇ ಹೊಂಟೈತಿ."

ಯಂತ್ರವೇ ಕೆಟ್ಟಿರಬೇಕೆಂದು ಬೇರೊಂದನ್ನು ತಂದು ನಮ್ಮ ಕಚೇರಿಯ ತಾರಸಿಯ ಮೇಲೆ ಇಟ್ಟೆ. ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಸಂಗಮೇಶನಿಗೂ ಕೊಡಲಿಲ್ಲ.

ಅದೂ ದಿನಕ್ಕೊಂದು ಗೇಣು ಸರಿಯುತ್ತಿದೆ, ಬಳ್ಳಿಗಾವಿಯ ಕಡೆಗೆ.