ಕಟ್ಟಡಕ್ಕೆ ಬೆನ್ನು ಹಾಕಿ ನಿಂತವಳು

ಬುಧವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಠಾಣೆಗೆ ಬಂದರು. ಅವರ ತೋಳಿನ ಬಟ್ಟೆಗೆ ರಕ್ತ ಮೆತ್ತಿಕೊಂಡಿತ್ತು. ಅದು ಅವರದ್ದಲ್ಲ, ಆರನೇ ತರಗತಿಯ ಹುಡುಗಿಯೊಬ್ಬಳದು. ಕುರ್ಚಿ ತೋರಿಸಿದರೂ ಕೂರದೆ ನಿಂತೇ ದೂರು ಹೇಳಿದರು.

ಶಾಲೆಯ ಮೈದಾನದಲ್ಲಿ ಹೊಸ ಕಟ್ಟಡವೊಂದು ಏಳುತ್ತಿತ್ತು. ಕೆಳಗೆ ಮಕ್ಕಳು ಯಂತ್ರಗಳನ್ನು ಬಿಚ್ಚಿ ಜೋಡಿಸಿ ಹೊಸದೇನಾದರೂ ಮಾಡಿ ನೋಡುವ ಪ್ರಯೋಗಶಾಲೆಗಳು, ಮೇಲೆ ನಾಟಕ, ಸಂಗೀತ, ನೃತ್ಯಕ್ಕೆಂದು ದೊಡ್ಡ ರಂಗಮಂದಿರ. ಆ ಕಟ್ಟಡದಲ್ಲಿ ಬಾಂಬ್ ಇದೆ ಎಂದು ಹಿಂದಿನ ತಿಂಗಳು ಶಾಲೆಯ ಕಚೇರಿಗೆ ಒಂದು ಕರೆ ಬಂದಿತ್ತು. ನಾಯಿ ತಂದು ಹುಡುಕಿದ್ದಾಯಿತು, ಏನೂ ಸಿಗಲಿಲ್ಲ. ಯಾರದೋ ಕಿಡಿಗೇಡಿತನ ಎಂದು ಠಾಣೆಯವರೂ ಕೈಬಿಟ್ಟಿದ್ದರು. ಈ ಬೆಳಗ್ಗೆ ಮತ್ತೆ ಅದೇ ಕರೆ. ಮಕ್ಕಳೆಲ್ಲ ಒಟ್ಟಿಗೆ ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ನೂಕುನುಗ್ಗಲಾಗಿ ಒಬ್ಬಳು ಬಿದ್ದಳು. ಗಲ್ಲ ಸೀಳಿತ್ತು, ಕೊರಳ ಹತ್ತಿರದ ಮೂಳೆ ಮುರಿದಿತ್ತು.

"ಈ ಸಲಾನೂ ಯಾರೋ ಆಟ ಆಡ್ತಿದಾರೆ ಅಂತ ಬರ್ಕೋತೀರಾ?" ಎಂದರು ಮುಖ್ಯೋಪಾಧ್ಯಾಯಿನಿ.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿಕೊಂಡು, ಪ್ರತಿಯನ್ನು ತಾವೇ ಅವರ ಕೈಗಿತ್ತರು.

ಅವರು ಈ ಠಾಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಗಳ ಓದು ಕೆಡಬಾರದೆಂದು ಹೆಂಡತಿ ಮಗಳು ಹಿಂದಿನ ಊರಿನಲ್ಲೇ ಉಳಿದಿದ್ದರು. ಕ್ವಾರ್ಟರ್ಸಿನ ಎರಡು ಕೋಣೆಗಳಲ್ಲಿ ಒಂದರ ಬಾಗಿಲನ್ನು ಅವರು ತೆಗೆದದ್ದೇ ಇಲ್ಲ. ಅಂದು ಸಂಜೆ ಮಗಳಿಗೆ ಫೋನ್ ಮಾಡಿ, ನಿಮ್ಮ ಶಾಲೆಯ ಮೆಟ್ಟಿಲು ಅಗಲ ಇದೆಯಾ ಎಂದು ಕೇಳಿದರು. ಇದೆ ಅಪ್ಪ, ಯಾಕೆ ಎಂದಳು. ಸುಮ್ಮನೆ ಎಂದರು.

ತನಿಖೆಗೆ ಅವರ ಜೊತೆಗಿದ್ದವರು ಇಬ್ಬರು. ಒಬ್ಬರು ಹೆಡ್ ಕಾನ್‌ಸ್ಟೇಬಲ್, ಮೇಲಧಿಕಾರಿಗಳು ಸೇರಿದಂತೆ ಇಡೀ ಠಾಣೆಗೆ ಅಕ್ಕ. ಇನ್ನೊಬ್ಬ ಎಡೆಬಿಡದೆ ಮಾತಾಡುವ ಕಾನ್‌ಸ್ಟೇಬಲ್. ಅವನಿಗೆ ರೇಡಿಯೊ ಎಂದೇ ಹೆಸರು ಬಿದ್ದಿತ್ತು, ಅವನೂ ಅದಕ್ಕೇ ಓಗೊಡುತ್ತಿದ್ದ.

ಕರೆ ಬಂದ ನಂಬರು ದೂರದ ಬಡಾವಣೆಯ ಒಬ್ಬ ಮುದುಕನದಾಗಿತ್ತು. ರೇಡಿಯೊ ಹೋಗಿ ವಿಚಾರಿಸಿದ. ಬಟನ್ ಫೋನು ಎಲ್ಲೋ ಕಳೆದುಹೋಗಿತ್ತು, ಮನೆಯಲ್ಲೇ ಸಿಕ್ಕೀತು ಎಂದು ಮುದುಕ ದೂರು ಕೊಟ್ಟಿರಲಿಲ್ಲ. ಆ ಫೋನು ಕರೆ ಮಾಡುವಷ್ಟು ಹೊತ್ತು ಮಾತ್ರ ಜೀವಂತವಿದ್ದು ಮತ್ತೆ ಆರಿಹೋಗುತ್ತಿತ್ತು. ಎರಡು ಸಲವೂ ಅದಿದ್ದದ್ದು ಶಾಲೆಯ ಸುತ್ತಮುತ್ತಲೇ. ಆದರೆ ಅದೇ ಟವರಿನ ಕೆಳಗೆ ಅಂಗಡಿ, ಆಸ್ಪತ್ರೆ, ಬ್ಯಾಂಕು ಎಲ್ಲವೂ ಇದ್ದವು.

ಸಂಶಯ ಪಡಲು ಜನಕ್ಕೇನೂ ಬರವಿರಲಿಲ್ಲ. ಗುತ್ತಿಗೆದಾರ ಕೆಲಸದಿಂದ ತೆಗೆದುಹಾಕಿದ ಗಾರೆಯವನೊಬ್ಬನಿದ್ದ. ಅವನು ಆ ವಾರವೆಲ್ಲ ಬೇರೆ ಊರಿನಲ್ಲಿ ಸೇತುವೆ ಕೆಲಸದಲ್ಲಿದ್ದ. ಕಟ್ಟಡ ಎದ್ದರೆ ತನ್ನ ಮನೆಗೆ ಬಿಸಿಲು ಬೀಳುವುದಿಲ್ಲ ಎಂದು ತಕರಾರು ಹೂಡಿದ್ದ ನಿವೃತ್ತ ಡಾಕ್ಟರಿದ್ದರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ, ಫೋನನ್ನೇ ಮುಟ್ಟುತ್ತಿರಲಿಲ್ಲ. ಪರೀಕ್ಷೆ ತಪ್ಪಿಸಿಕೊಳ್ಳಲು ದೊಡ್ಡ ತರಗತಿಯ ಹುಡುಗಿಯರೇ ಮಾಡಿರಬಹುದೆಂದು ರೇಡಿಯೊ ವಾದಿಸಿದ. ಎರಡು ದಿನವೂ ಯಾವ ಪರೀಕ್ಷೆಯೂ ಇರಲಿಲ್ಲ ಎಂದು ಅಕ್ಕ ಅವನ ಬಾಯಿ ಮುಚ್ಚಿಸಿದರು.

ಮುಂದಿನ ಮಂಗಳವಾರ ಮೂರನೇ ಕರೆ ಬಂತು. ಈ ಸಲ ಪೊಲೀಸರ ಸೂಚನೆಯಂತೆ ಶಾಲೆಯ ಗುಮಾಸ್ತೆ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು. ಶಿಕ್ಷಕಿಯರು ತರಗತಿ ತರಗತಿಯಾಗಿ ಮಕ್ಕಳನ್ನು ಇಳಿಸಿದರು, ಯಾರಿಗೂ ಪೆಟ್ಟಾಗಲಿಲ್ಲ. ಮೈದಾನದ ತುಂಬ ಮರಳು, ಕಬ್ಬಿಣ ಬಿದ್ದಿದ್ದರಿಂದ ಮಕ್ಕಳನ್ನು ರಸ್ತೆ ದಾಟಿಸಿ ಎದುರಿನ ಪಾರ್ಕಿನಲ್ಲಿ ನಿಲ್ಲಿಸುವುದು ಕಟ್ಟಡದ ಕೆಲಸ ಶುರುವಾದಾಗಿನಿಂದ ಶಾಲೆಯ ಏರ್ಪಾಡಾಗಿತ್ತು. ಕಟ್ಟಡ ಜಾಲಾಡಿ ಮುಗಿದ ಮೇಲೆ ಇನ್ಸ್‌ಪೆಕ್ಟರ್ ಕಚೇರಿಯಲ್ಲಿ ಕೂತು ರೆಕಾರ್ಡು ಕೇಳಿದರು. ಬಾಯಿಗೆ ಬಟ್ಟೆ ಹಿಡಿದುಕೊಂಡ ಹೆಂಗಸಿನ ದನಿ.

"ಹೊಸ ಕಟ್ಟಡದಲ್ಲಿ ಬಾಂಬ್ ಇದೆ. ಮಕ್ಕಳನ್ನೆಲ್ಲ ಪಾರ್ಕಿಗೆ ಕಳಿಸಿ. ಮೆಟ್ಟಿಲ ಮೇಲೆ ಯಾರೂ ಓಡೋದು ಬೇಡ. ಚಿಕ್ಕವರನ್ನ ಮೊದಲು ಬಿಡಿ."

ಅವರು ಅದನ್ನು ಮತ್ತೆ ಹಾಕಿಸಿದರು.

"ಬಾಂಬ್ ಇಡೋಳಿಗೆ ಮಕ್ಕಳು ಎಡವಿ ಬೀಳ್ತಾರೆ ಅನ್ನೋ ಚಿಂತೆ ಯಾಕೆ?" ಎಂದರು.

ಅಕ್ಕ ರೆಕಾರ್ಡು ನಿಲ್ಲಿಸಿದರು. "ಅವಳಿಗೆ ಕಟ್ಟಡದ ಮೇಲೆ ಯಾವ ಸಿಟ್ಟೂ ಇಲ್ಲ ಸಾರ್. ಮಕ್ಕಳು ಪಾರ್ಕಿಗೆ ಬರಬೇಕು, ಅಷ್ಟೇ."

ಪಾರ್ಕಿನ ಗೇಟಿನ ಎದುರು ಒಂದು ಔಷಧಿ ಅಂಗಡಿ ಇತ್ತು. ಅದರ ಬಾಗಿಲ ಮೇಲಿನ ಕ್ಯಾಮೆರಾದಲ್ಲಿ ಎರಡನೇ, ಮೂರನೇ ಕರೆ ಬಂದ ಎರಡು ದಿನದ ದೃಶ್ಯಗಳು ಸಿಕ್ಕವು. ಕಬ್ಬಿಣದ ಬೇಲಿಯ ಒಳಗೆ ಸಾಲಾಗಿ ನಿಂತ ಹುಡುಗಿಯರು. ಬೇಲಿಯ ಹೊರಗೆ ಅಂಗಡಿಯವರು, ದಾರಿಹೋಕರು, ಬೈಕ್ ನಿಲ್ಲಿಸಿಕೊಂಡವರು. ಎಲ್ಲರೂ ಕತ್ತೆತ್ತಿ ಕಟ್ಟಡದ ಕಡೆ ನೋಡುತ್ತಿದ್ದರು. ಈಗ ಸಿಡಿಯುತ್ತದೆ, ಇನ್ನೇನು ಸಿಡಿಯುತ್ತದೆ ಎಂದು ಕಾಯುವವರ ಹಾಗೆ. ರೇಡಿಯೊ ಒಬ್ಬೊಬ್ಬರ ಮುಖವನ್ನೂ ದೊಡ್ಡದು ಮಾಡಿ ತೋರಿಸುತ್ತ ಹೋದ.

"ಇವಳನ್ನ ಬಿಟ್ಟೆಯಲ್ಲ," ಎಂದರು ಅಕ್ಕ.

"ಇವಳ ಮುಖ ಎಲ್ಲಿ ಕಾಣುತ್ತೆ ಅಕ್ಕಾ? ಬೆನ್ನು ಹಾಕಿ ನಿಂತಿದಾಳೆ."

"ಅದಕ್ಕೇ ಹೇಳಿದ್ದು. ಬಾಂಬ್ ಇದೆ ಅಂದಿರೋ ಕಟ್ಟಡಕ್ಕೆ ಬೆನ್ನು ಹಾಕಿ ಯಾರಪ್ಪಾ ನಿಲ್ತಾರೆ?"

ಆ ಹೆಂಗಸು ಬೇಲಿಯ ಸರಳು ಹಿಡಿದು ಮಕ್ಕಳ ಕಡೆಗೇ ನೋಡುತ್ತಿದ್ದಳು. ಮೈಮೇಲೆ ಏಪ್ರನ್, ಕೊರಳ ಹಿಂದೆ ಮಾಸ್ಕಿನ ದಾರ, ಮೊಣಕೈವರೆಗೆ ಬಿಳಿ ಪುಡಿ. ಎರಡು ದಿನವೂ ನಿಂತದ್ದು ಒಂದೇ ಭಂಗಿಯಲ್ಲಿ. ಮಕ್ಕಳು ಶಾಲೆಗೆ ಮರಳಿ, ಜನ ಚದುರಿದ ಮೇಲೂ ಅವಳು ಖಾಲಿ ಹುಲ್ಲನ್ನು ನೋಡುತ್ತ ನಿಂತಿದ್ದಳು. ಕೊನೆಗೆ ತಲೆ ತಗ್ಗಿಸಿಕೊಂಡೇ ರಸ್ತೆ ದಾಟಿ, ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಮರೆಯಾದಳು.

ಬಿಳಿ ಪುಡಿ ಮೈದಾ ಹಿಟ್ಟಿರಬೇಕೆಂದು ರೇಡಿಯೊ ಬೇಕರಿ ಹುಡುಕಿಕೊಂಡು ಹೊರಡುವುದರಲ್ಲಿದ್ದ. ಔಷಧಿ ಅಂಗಡಿಯವನು ತನ್ನ ತಲೆಯ ಮೇಲೆ ಬೆರಳು ತೋರಿಸಿದ. ಮೂರನೇ ಅಂತಸ್ತಿನಲ್ಲಿ ಕಟ್ಟುಹಲ್ಲು ಮಾಡುವ ಲ್ಯಾಬ್ ಇತ್ತು.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಮೂವರೂ ಮೆಟ್ಟಿಲು ಹತ್ತಿದರು. ಉದ್ದನೆಯ ಒಂದೇ ಕೋಣೆ. ಗೋಡೆಯ ಕಪಾಟುಗಳ ತುಂಬ ಪ್ಲಾಸ್ಟರಿನ ದವಡೆಗಳು, ಒಂದೊಂದರ ಕೆಳಗೂ ಯಾರದೋ ಹೆಸರಿನ ಚೀಟಿ. ಕಾಯಿಸಿದ ಮೇಣದ ವಾಸನೆ. ನಾಲ್ಕು ಜನ ತಗ್ಗಿದ ತಲೆಯಲ್ಲಿ ಹಲ್ಲು ಉಜ್ಜುತ್ತ, ಕೂರಿಸುತ್ತ ಇದ್ದರು. ಯಂತ್ರಗಳ ಸದ್ದಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವ ಹಾಗಿರಲಿಲ್ಲ. ಕಿಟಕಿಯ ಹತ್ತಿರದ ಸ್ಟೂಲು ಖಾಲಿಯಿತ್ತು. ಅಲ್ಲಿ ಕೂರುವವರು ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾರೆ ಎಂದ ಲ್ಯಾಬಿನ ಮಾಲೀಕ.

ಇನ್ಸ್‌ಪೆಕ್ಟರ್ ಆ ಸ್ಟೂಲಿನ ಮೇಲೆ ಕೂತು ಹೊರಗೆ ನೋಡಿದರು. ಕಿಟಕಿಯ ತುಂಬ ಹೊಸ ಕಟ್ಟಡದ ಬೂದು ಗೋಡೆ. ಅದರಲ್ಲೊಂದು ಕಿಂಡಿಯೂ ಇರಲಿಲ್ಲ.

ಮೊದಲು ಇಲ್ಲಿಂದ ಏನು ಕಾಣುತ್ತಿತ್ತು ಎಂದು ಕೇಳಿದರು.

"ಶಾಲೆ ಮೈದಾನ ಸಾರ್. ಒಂದೇ ಗಲಾಟೆ. ಆ ಜಾಗ ಬೇಡ ಅಂತ ಎಲ್ಲರೂ ಅನ್ನೋರು. ಇವರೊಬ್ಬರೇ ನೋಡಿ, ಕೆಲಸಕ್ಕೆ ಸೇರೋವಾಗ್ಲೇ ಕಿಟಕಿ ಪಕ್ಕ ಕೊಟ್ಟರೆ ಮಾತ್ರ ಬರ್ತೀನಿ ಅಂದಿದ್ದು."

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ನಲವತ್ತರ ಹತ್ತಿರದ ಹೆಂಗಸು. ಕೈಯಲ್ಲಿ ರಬ್ಬರಿನ ಬಟ್ಟಲು. ಖಾಕಿ ಕಂಡು ಅವಳು ಬೆಚ್ಚಲಿಲ್ಲ. ಕಲಸಿದ್ದು ಗಟ್ಟಿಯಾಗಿಬಿಡುತ್ತದೆ, ಇದೊಂದು ಅಚ್ಚು ಹುಯ್ದು ಬರಲೇ ಎಂದು ಕೇಳಿದಳು. ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಅವಳು ಪ್ಲಾಸ್ಟರನ್ನು ಅಚ್ಚಿಗೆ ಸುರಿದು, ಗುಳ್ಳೆ ಏಳದಂತೆ ಮೆಲ್ಲಗೆ ತಟ್ಟಿ, ಕೈ ಒರೆಸಿಕೊಂಡು ಬಂದಳು.

"ಆ ಹುಡುಗಿಗೆ ಮುರಿದಿರೋದು ಯಾವ ಕೈ?" ಎಂದು ಅವಳೇ ಮೊದಲು ಕೇಳಿದಳು.

"ಕೈಯಲ್ಲ, ಕೊರಳ ಹತ್ತಿರದ ಮೂಳೆ. ಕೂಡುತ್ತೆ ಅಂದಿದಾರೆ ಡಾಕ್ಟರು. ಗಲ್ಲಕ್ಕೆ ಹೊಲಿಗೆ ಹಾಕಿದಾರೆ."

ಇನ್ಸ್‌ಪೆಕ್ಟರ್ ಎದ್ದು ಬಿಟ್ಟುಕೊಟ್ಟ ಸ್ಟೂಲಿನ ಮೇಲೆ ಅವಳು ಕೂತಳು. ಫೋನು ಎಲ್ಲಿದೆ ಎಂದು ಕೇಳಿದಾಗ ಮೇಜಿನ ಕೆಳಗಿನ ಡಬ್ಬಿ ತೋರಿಸಿದಳು. ಬಸ್ಸಿನ ಸೀಟಿನ ಮೇಲೆ ಸಿಕ್ಕಿತ್ತಂತೆ. ಕೊಟ್ಟುಬಿಡಬೇಕೆಂದೇ ಇಟ್ಟುಕೊಂಡಿದ್ದಳಂತೆ. ಔಷಧಿ ಅಂಗಡಿಯವನನ್ನೂ ಲ್ಯಾಬಿನ ಮಾಲೀಕನನ್ನೂ ಪಂಚರನ್ನಾಗಿಸಿ ಪಂಚನಾಮೆ ನಡೆಯಿತು. ರೇಡಿಯೊ ಒಂದು ಮಾತೂ ಆಡದೆ ಬರೆದುಕೊಂಡ. ಉಳಿದ ಕೆಲಸಗಾರರು ಯಂತ್ರ ನಿಲ್ಲಿಸಿ ಅವಳನ್ನು ನೋಡುತ್ತಿದ್ದರು. ಆರು ವರ್ಷ ಪಕ್ಕದಲ್ಲಿ ಕೂತವಳು. ಅವಳಿಗೊಬ್ಬ ಮಗಳಿದ್ದಾಳೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಹೇಳಿಕೆಯನ್ನು ಅಲ್ಲೇ ಹಿಂದಿನ ಕೋಣೆಯಲ್ಲಿ, ಅಕ್ಕನ ಎದುರಿಗೆ ತೆಗೆದುಕೊಂಡರು. ಮಗಳು ಚಿಕ್ಕವಳಿದ್ದಾಗಲೇ ಅವಳು ಗಂಡನ ಮನೆ ಬಿಟ್ಟು ಬಂದಿದ್ದಳು. ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು ಎಂದಷ್ಟೇ ಹೇಳಿದಳು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಕೋರ್ಟಿನಲ್ಲಿ ಕೇಳಿದಾಗ ಮಗು ಅಪ್ಪನ ಜೊತೆ ಇರುತ್ತೇನೆ ಎಂದಿತು. ತಿಂಗಳಿಗೊಮ್ಮೆ ನೋಡಲು ಅನುಮತಿ ಸಿಕ್ಕಿತು. ಹೋದಾಗಲೆಲ್ಲ ಮಗು ಮನೆಗೆ ಹೋಗಬೇಕು ಎಂದು ಅಳುತ್ತಿತ್ತು. ಇವಳೇ ಹೋಗುವುದು ನಿಲ್ಲಿಸಿದಳು. ತನ್ನನ್ನು ನೋಡಿದರೆ ತಾನೇ ಅಳುವುದು, ಕಾಣದಿದ್ದರಾಯಿತು ಎಂದುಕೊಂಡಳು.

"ಮತ್ತೆ ಇಲ್ಲಿಗೆ ಬಂದಿದ್ದು?"

"ಅವಳು ನನ್ನ ನೋಡಬಾರದು ಸಾರ್. ನಾನು ಅವಳನ್ನ ನೋಡಬಹುದಲ್ಲ."

ಮೈದಾನದಲ್ಲಿ ಮಗಳು ಬೆಳೆದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಓಟದಲ್ಲಿ ಹಿಂದೆ ಬಿದ್ದದ್ದು, ಗೆಳತಿಯ ಜೊತೆ ಜಗಳವಾಡಿ ಒಬ್ಬಳೇ ಗೋಡೆಗೊರಗಿ ನಿಂತದ್ದು, ಆಮೇಲೆ ರಾಜಿಯಾದದ್ದು. ಕೆಲಸದ ಮಧ್ಯೆ ತಲೆಯೆತ್ತಿದರೆ ಸಾಕಿತ್ತು. ಆಮೇಲೆ ತಗಡಿನ ಬೇಲಿ ಬಂತು, ಕಂಬಗಳು ಬಂದವು. ಒಂದೊಂದು ಅಂತಸ್ತು ಏರಿದ ಹಾಗೆಲ್ಲ ಮೈದಾನ ಸಣ್ಣದಾಗುತ್ತ ಹೋಯಿತು. ಕೊನೆಗೆ ಉಳಿದಿದ್ದ ನಲ್ಲಿಯ ಮೂಲೆಯೂ ಮುಚ್ಚಿಹೋಯಿತು. ಶಾಲೆಯ ಬಸ್ಸು ಹಿಂದಿನ ಗೇಟಿನಿಂದ ಹೋಗುತ್ತಿತ್ತು, ಇವಳಿಗೆ ಕೆಲಸ ಬಿಡುವ ಹೊತ್ತೇ ಬೇರೆ. ರಜೆ ಹಾಕಿ ಗೇಟಿನಲ್ಲಿ ನಿಂತರೆ ಮಗಳು ಗುರುತು ಹಿಡಿದಾಳು ಎಂಬ ಭಯ. ಬೇಲಿಯ ಗುಂಪಿನಲ್ಲಾದರೆ ತಾನೂ ಹತ್ತರಲ್ಲಿ ಒಬ್ಬಳು.

ಹಾಗಿರುವಾಗ ಒಂದು ದಿನ ಶಾಲೆಯವರು ಬೆಂಕಿ ಅಪಘಾತದ ಅಭ್ಯಾಸ ಮಾಡಿಸಿ ಮಕ್ಕಳನ್ನೆಲ್ಲ ಪಾರ್ಕಿಗೆ ಕರೆತಂದರು. ಇವಳು ಕೆಳಗಿಳಿದು ಹೋದಳು. ಬೇಲಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಮಗಳು ನಿಂತಿದ್ದಳು.

"ಕನ್ನಡಕ ಬಂದಿತ್ತು ಸಾರ್," ಎಂದಳು. "ಯಾವಾಗ ಬಂತೋ. ಮೇಲಿಂದ ನೋಡೋವಾಗ ಗೊತ್ತೇ ಆಗಿರಲಿಲ್ಲ."

ಇನ್ಸ್‌ಪೆಕ್ಟರ್ ಕಾಗದದಿಂದ ತಲೆಯೆತ್ತಲಿಲ್ಲ. ಮಗು ಬಿದ್ದ ವಿಷಯ ಗೊತ್ತಿದ್ದೂ ಮೂರನೇ ಸಲ ಯಾಕೆ ಕರೆ ಮಾಡಿದಿರಿ ಎಂದು ಕೇಳಿದರು.

ಅವಳು ಬಹಳ ಹೊತ್ತು ಕೈಯಲ್ಲಿ ಒಣಗಿದ ಪ್ಲಾಸ್ಟರನ್ನು ಉಗುರಿನಿಂದ ಕೆರೆದಳು. "ಆವತ್ತು ಆಂಬುಲೆನ್ಸ್ ಬಂತು. ಒಳಗೆ ಮಲಗಿಸಿದ್ದ ಹುಡುಗಿ ನನ್ನವಳಲ್ಲ ಅಂತ ಕಂಡ್ಕೊಂಡೆ. ಅಬ್ಬಾ ಅಂತ ನೆಮ್ಮದಿ ಆಯ್ತು ಸಾರ್. ಇನ್ನೊಬ್ಬರ ಮಗು ರಕ್ತ ಸುರಿಸ್ಕೊಂಡು ಮಲಗಿದೆ, ನನಗೆ ನೆಮ್ಮದಿ. ಆಮೇಲೆ ಫೋನ್ ಎಸೆದುಬಿಡಬೇಕು ಅಂತಿದ್ದೆ. ಆದರೆ ಆವತ್ತು ಗುಂಪಲ್ಲಿ ಎಷ್ಟು ಹುಡುಕಿದ್ರೂ ನನ್ನವಳು ಕಾಣಿಸಲಿಲ್ಲ. ಹುಷಾರಿಲ್ಲವೋ, ಶಾಲೆ ಬಿಟ್ಟಳೋ, ಯಾರನ್ನ ಕೇಳಲಿ? ಕೇಳೋಕೆ ನಾನು ಅವಳಿಗೆ ಏನಾಗಬೇಕು ಅಂತ ಹೇಳಲಿ?"

"ಮೂರನೇ ಸಲ ಕಂಡಳಾ?" ಎಂದರು ಅಕ್ಕ.

"ಕಂಡಳು. ನೆಗಡಿ ಆಗಿತ್ತು ಅಂತ ಕಾಣುತ್ತೆ. ಮೂಗು ಒರೆಸ್ಕೋತಿದ್ಲು."

ಸ್ವಲ್ಪ ಹೊತ್ತಿನ ಮೇಲೆ, ಆ ಕಟ್ಟಡ ಯಾತಕ್ಕೆ ಎಂದು ಅವಳೇ ಕೇಳಿದಳು. ಇನ್ಸ್‌ಪೆಕ್ಟರ್ ಹೇಳಿದರು: ಪ್ರಯೋಗಶಾಲೆಗಳು, ಮೇಲೆ ರಂಗಮಂದಿರ, ಮಕ್ಕಳು ಹಾಡುವುದಕ್ಕೆ, ಕುಣಿಯುವುದಕ್ಕೆ.

"ಅವಳು ಹಾಡ್ತಾಳಾ?" ಎಂದು ಕೇಳಿದಳು. ಮೈದಾನದ ಗಲಾಟೆಯಲ್ಲಿ ಮಗಳ ದನಿ ಯಾವುದೆಂದು ಅವಳಿಗೆ ಒಮ್ಮೆಯೂ ತಿಳಿದಿರಲಿಲ್ಲ.

ಇನ್ಸ್‌ಪೆಕ್ಟರಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದರು. ಮಗಳಿಗೆ ತಿಳಿಸಬೇಡಿ ಎಂದು ಬೇಡಿಕೊಂಡದ್ದಕ್ಕೂ ಅವರು ಸುಳ್ಳು ಭರವಸೆ ಕೊಡಲಿಲ್ಲ. ಶಾಲೆಯ ತುಂಬ ಭಯ ಹುಟ್ಟಿಸಿದ ಪ್ರಕರಣ, ಒಂದು ಮಗುವಿನ ಮೂಳೆ ಮುರಿದಿದೆ. ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗಲೇಬೇಕು. ಇವತ್ತು ತಿಳಿಯದಿದ್ದರೆ ನಾಳೆ ತಿಳಿಯುತ್ತದೆ ಎಂದರು. ಅವಳು ಹೇಳಿಕೆ ಓದಿ ಸಹಿ ಹಾಕಿದಳು.

ಅಷ್ಟರಲ್ಲಿ ಶಾಲೆ ಬಿಡುವ ಹೊತ್ತಾಗಿತ್ತು. ಮುಂದಿನ ರಸ್ತೆಗೆ ಡಾಂಬರು ಹಾಕುತ್ತಿದ್ದುದರಿಂದ ಜೀಪು ಶಾಲೆಯ ಹಿಂದಿನ ಗೇಟನ್ನು ಬಳಸಿಕೊಂಡೇ ಠಾಣೆಗೆ ಹೋಗಬೇಕಿತ್ತು. ಇಲ್ಲವಾದರೆ ಮಾರುಕಟ್ಟೆ ಸುತ್ತಿ ದೂರದ ದಾರಿ. ಮೆಟ್ಟಿಲಿಳಿಯುವಾಗ ಅಕ್ಕ ಇನ್ಸ್‌ಪೆಕ್ಟರ್ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಗೇಟಿನ ಹತ್ತಿರ ನಿಧಾನವಾಗಿ ಹೋಗೋಣ, ಅವಳು ಒಂದು ಸಲ ಮಗಳನ್ನ ನೋಡಿಕೊಳ್ಳಲಿ ಸಾರ್ ಎಂದರು. ಇನ್ಸ್‌ಪೆಕ್ಟರ್ ಬೇಡವೆನ್ನಲಿಲ್ಲ. ರೇಡಿಯೊ ಎಂಜಿನ್ ಶುರು ಮಾಡಿದ. ಅಕ್ಕ ಅವಳನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿ ವಿಷಯ ಹೇಳಿದರು.

ಅವಳು ತಟ್ಟನೆ ಅಕ್ಕನ ಕೈ ಹಿಡಿದಳು.

"ಆ ಕಡೆ ಬೇಡ ಅಕ್ಕಾ. ಸುತ್ತು ಹಾಕ್ಕೊಂಡೇ ಹೋಗೋಣ. ಗೇಟಲ್ಲಿ ಇರ್ತಾಳೆ ಅವಳು."

ರೇಡಿಯೊ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. ಜೀಪು ಮಾರುಕಟ್ಟೆಯ ಕಡೆಗೆ ತಿರುಗಿತು. ಅವಳು ಕಿಟಕಿಯ ಪಕ್ಕದಿಂದ ಒಳಕ್ಕೆ ಸರಿದು, ಹೊರಗಿನವರಿಗೆ ಕಾಣದ ಹಾಗೆ ತಲೆ ತಗ್ಗಿಸಿ ಕೂತಳು.