ಕೊರಳ ಕಣಿವೆಯ ಚಿಟ್ಟೆ ಮತ್ತು ನೇರಳೆ ಉಪ್ಪು

ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಮೈನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಡಂಗುರ ಸಾರುವವರಿರಲಿಲ್ಲ, ಓಲೆ ಒಯ್ಯುವವರೂ ಇರಲಿಲ್ಲ. ಏನು ಹೇಳಿ ಕಳಿಸಬೇಕಾದರೂ ಒಂದು ಮಣಿ ಮಾಡಿ ಕೆಂಪುಹೊಳೆಗೆ ಬಿಟ್ಟರೆ ಸಾಕಿತ್ತು. ಹೊಳೆ ಪ್ರತಿ ಮನೆಯ ಮುಂದೂ ಹರಿಯುತ್ತಿತ್ತು. ಮಣಿ ಎಲ್ಲರ ಬಾಗಿಲನ್ನೂ ತಟ್ಟುತ್ತಿತ್ತು, ಆದರೆ ಯಾರಿಗಾಗಿ ಹೊರಟ ಮಾತೋ ಅವರ ಬಾಗಿಲು ಮಾತ್ರ ತೆರೆಯುತ್ತಿತ್ತು. ಉಳಿದವರು ತಮ್ಮ ಪಾಡಿಗೆ ತಾವಿರುತ್ತಿದ್ದರು. ಅಂಥ ಶಿಸ್ತು ಈಗ ಎಲ್ಲಿ ಸಿಗಬೇಕು!

ಮಣಿ ಮಾಡುವವರಲ್ಲೆಲ್ಲ ಜನಕ್ಕೆ ಹೆಚ್ಚು ಬೇಕಾದವಳು ಕೊರಳ ಕಣಿವೆಯ ಚಿಟ್ಟೆ. ಅವಳು ಬಿಡುವ ಬಿಸುಪಿನ ಮಣಿಗೆ ಎಲ್ಲ ಮನೆಗಳ ಬಾಗಿಲೂ ತೆರೆಯುತ್ತಿದ್ದವು. ಆ ಮಣಿ ಬಂದರೇ ಒಲೆ ಚೆನ್ನಾಗಿ ಉರಿಯುತ್ತಿತ್ತು.

ಒಂದು ವರ್ಷ ಆ ಮಣಿಗಳು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಒಲೆಗಳು ಮಂಕಾದವು, ಜನರ ಮೈಗೂ ಜಡ ಹಿಡಿಯಿತು. ಕ್ಷೌರಿಕ ಬೆಳಿಗ್ಗೆ ಹಿಡಿದ ಗಡ್ಡ ಸಂಜೆಗೆ ಮುಗಿಯತೊಡಗಿತು. ರಾಣಿ ಮೈಳಲದೇವಿಯ ಗತಿಯೂ ಅದೇ. ಅವಳು ಬೈಗುಳಕ್ಕೆ ಹೆಸರಾದವಳು. ಮಗ ಕೇತರಸ ಮರೆವಿನ ಮಹಾರಾಯನಾದ್ದರಿಂದ ಅವಳಿಗೆ ಆ ಕೆಲಸಕ್ಕೆ ಕೊರತೆಯಿರಲಿಲ್ಲ. ಈಗ ಬೆಳಿಗ್ಗೆ ಶುರುವಾದ ಬೈಗುಳ ಮಧ್ಯಾಹ್ನವಾದರೂ ಮುಗಿಯದು. ಮುಖ ಊದಿಕೊಂಡಿತ್ತು, ಕೈ ತಣ್ಣಗಿತ್ತು, ಮಾತಿನ ನಡುವೆಯೇ ಕಣ್ಣು ಮುಚ್ಚಿಹೋಗುತ್ತಿತ್ತು. ಒಂದು ದಿನ ಈ ಕಣ್ಣು ತೆರೆಯದೇ ಹೋದರೆ ಎಂದು ಕೇತರಸನಿಗೆ ಜೀವವೇ ಬಾಯಿಗೆ ಬರುತ್ತಿತ್ತು.

ಆಸ್ಥಾನದ ಮಾಂತ್ರಿಕ ಹಿಮಜಾಲ ಹೇಳಿದ: "ಎಲ್ಲ ಆ ಚಿಟ್ಟೆಯ ಕಿತಾಪತಿ, ಯುವರಾಜ. ಕೊಬ್ಬಿ ಬೆಳೆದು ಕಣಿವೆಗೇ ಅಡ್ಡ ಕೂತಿದ್ದಾಳೆ. ಅವಳನ್ನ ಕಡಿದು ಹಾಕಿದರೆ ನಿಮ್ಮ ತಾಯಿ ಉಳಿದಾರು."

ನೇರಳೆ ಕಡಲಿನ ಉಪ್ಪಿನಲ್ಲಿ ಪಿಶಾಚಿ ಇದೆಯೆಂದು ಅದನ್ನು ರಾಜ್ಯದೊಳಗೆ ಬಿಡದಂತೆ ಕಟ್ಟಪ್ಪಣೆ ಮಾಡಿಸಿದ್ದವನೂ ಇವನೇ. ಮೈನಾಡಿನವರು ಬುದ್ಧಿವಂತರೆನಿಸಿಕೊಂಡವರು, ಒಬ್ಬರೂ ಯಾಕೆಂದು ಕೇಳಲಿಲ್ಲ.

ಕೇತರಸ ಕತ್ತಿ ಕಟ್ಟಿದ. ಮೈಳಲದೇವಿ ಬಚ್ಚಿಟ್ಟಿದ್ದ ಭರಣಿಯಿಂದ ಒಂದು ಹಿಡಿ ನೇರಳೆ ಉಪ್ಪು ತೆಗೆದಳು. ಅಪ್ಪಣೆ ಏನೇ ಇರಲಿ, ದೂರ ಹೊರಟ ಮಗನಿಗೆ ದೃಷ್ಟಿ ತೆಗೆಯದೆ ಇರಲಾದೀತೇ? ನಿವಾಳಿಸಿ, ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟಳು.

"ಹರಿಯೋ ನೀರಿಗೆ... ಹಾಕಿಬಿಡು... ಮರೀಬೇಡ..." ಎಂದು ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಕೇತರಸ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮೊದಲ ಹೊಳೆ ದಾಟುವಾಗಲೇ ಮರೆತ.

ಹೋದ, ಹೋದ, ಅವಳಿ ಗುಡ್ಡಗಳಿಗೆ ಬಂದ. ಉಪ್ಪಿನ ಗಂಟಿನ ಸುಳಿವು ಹಿಡಿದ ಹಿಮಜಾಲ ಬಿಟ್ಟ ಮಾಯೆಯ ಹುಲಿಯೊಂದು ಎದುರಿಗೆ ಹಾರಿತು. ಗುಡ್ಡಗಳ ನೆತ್ತಿಯಲ್ಲಿ ಕೂತಿದ್ದ ಕಾವಲುಗಾರ್ತಿಯರಿಬ್ಬರು ಕೂಡಲೇ ದಿಗಿಲಿನ ಮಣಿಗಳನ್ನು ಹೊಳೆಗೆ ಸುರಿದರು. ಕೇತರಸನ ಎದೆ ಡವಡವ ಹೊಡೆಯಿತು, ಮೈಯ ಕೂದಲು ನಿಮಿರಿತು, ಹಸಿವು ಮರೆತುಹೋಯಿತು. ತೋಳಿಗೆ ಎಲ್ಲಿಲ್ಲದ ಬಲ ಬಂತು. ಒಂದು ಮರವನ್ನೇ ಕಿತ್ತು ಬೀಸಿದ. ಹುಲಿ ಓಡಿಹೋಯಿತು.

"ಅವ್ವಗಳಿರಾ, ಈ ಮಣೀನ ನಮ್ಮಮ್ಮನಿಗೂ ಕೊಡಿ, ಎದ್ದು ಕೂರ್ತಾಳೆ" ಎಂದ.

"ಬೇಡಪ್ಪ, ಇದು ಹುಲ್ಲಿನ ಬೆಂಕಿ" ಎಂದರು ಅವರು. "ಭಗ್ ಅಂತ ಹತ್ತಬೇಕು, ಆರಬೇಕು. ದಿನವಿಡೀ ಉರಿದ್ರೆ ಮನೇನೇ ಸುಟ್ಟುಬಿಡುತ್ತೆ."

ಹೋದ, ಹೋದ, ಹೊಟ್ಟೆಬೆಟ್ಟದ ಹಿಂಬದಿಗೆ ಬಂದ. ಅಲ್ಲಿ ಮಾಂತ್ರಿಕ ಹೊಳೆಗೆ ಬೆಲ್ಲದ ಗುಡ್ಡವನ್ನೇ ಉರುಳಿಸಿದ್ದ. ನೀರು ಪಾಕವಾಗಿ ಕೇತರಸ ಇರುವೆಯ ಹಾಗೆ ಅಂಟಿಕೊಂಡ. ಬೆಟ್ಟದ ಮರೆಯಲ್ಲಿದ್ದ ಜೇನಜ್ಜ ಅದನ್ನು ಕಂಡು ಬೀಗದಕೈಯಂಥ ಮಣಿಗಳನ್ನು ಬಿಟ್ಟ. ಮನೆಮನೆಯ ಬಾಗಿಲು ತೆರೆಯಿತು, ಸಿಹಿಯೆಲ್ಲ ಒಳಕ್ಕೆ ಹೋಯಿತು, ಹೊಳೆ ತಿಳಿಯಾಯಿತು.

"ಅಜ್ಜಾ, ನಮ್ಮಮ್ಮನಿಗೂ ಒಂದಿಷ್ಟು ಸಿಹಿ ಕಳಿಸಜ್ಜ."

"ಕಳಿಸೋಣ ಮಗಾ. ಆದ್ರೆ ಸಿಹಿ ಅಂದ್ರೆ ಸೌದೆ. ಒಲೆ ಊದಿ ಉರಿಸೋಳು ಆ ಚಿಟ್ಟೆ. ಅವಳ ಮಣಿ ಬರದೆ ಬರೀ ಸೌದೆ ತಗೊಂಡು ಏನ್ಮಾಡ್ತೀಯ?"

ಹೋದ, ಹೋದ, ಕೊರಳ ಕಣಿವೆಗೆ ಬಂದ. ಚಿಟ್ಟೆ ನಿಜಕ್ಕೂ ಬೆಟ್ಟದಷ್ಟಾಗಿದ್ದಳು. ದವಸದ ಗಾಡಿಗಳು ಅವಳ ಪಕ್ಕದಲ್ಲಿ ನುಸುಳಲಾರದೆ ನಿಂತಿದ್ದವು. ಮೇಲೆ, ಹಣೆಬೆಟ್ಟದ ಗವಿಯಿಂದ, ಒಂದು ಕೂಗು ನಿಲ್ಲದೆ ಕೇಳುತ್ತಿತ್ತು: "ಮಾಡು! ಇನ್ನೂ ಮಾಡು!" ಕೂಗಿದಾಗಲೆಲ್ಲ ಒಂದು ಅಪ್ಪಣೆಯ ಮಣಿ ತೇಲಿ ಬರುತ್ತಿತ್ತು, ಚಿಟ್ಟೆ ಇನ್ನಷ್ಟು ಊದುತ್ತಿದ್ದಳು.

ಕೂಗುತ್ತಿದ್ದವನು ಪುಟ್ಟೊಡೆಯ. ಗಾತ್ರ ಕಡಲೆಕಾಳಿನಷ್ಟು, ಅಧಿಕಾರ ಮಾತ್ರ ರಾಜ್ಯದ ತುಂಬ.

"ಯಾಕಯ್ಯಾ ಹೀಗೆ ಅರಚ್ತೀಯ?" ಎಂದು ಕೇತರಸ ಕೇಳಿದ.

"ಇನ್ನೇನು ಮಾಡ್ಲಿ ಸ್ವಾಮಿ? ಬಿಸುಪು ಹೊಳೇಲಿ ನನ್ನ ತನಕ ಬಂದ್ರೆ ಸಾಕು ಅಂತ ಸುಮ್ಮನಾಗ್ತೀನಿ. ಬಂದಿಲ್ಲ. ಕೂಗಿ ಕೂಗಿ ಗಂಟಲೇ ಹರಿದುಹೋಯ್ತು!"

ಕೇತರಸ ಕತ್ತಿ ಎತ್ತಿದ. ಚಿಟ್ಟೆ ಅಲುಗಾಡಲಿಲ್ಲ.

"ಕಡಿ, ಯುವರಾಜ. ಕಡಿದ್ರೆ ಈ ಕೂಗು ನನಗೆ ಕೇಳೋದು ನಿಲ್ಲುತ್ತೆ. ಆದ್ರೆ ನಿಮ್ಮ ಒಲೆಗಳು ಮತ್ತೆ ಹತ್ತಲ್ಲ."

"ಮತ್ತೆ ಯಾಕೆ ಹೀಗೆ ಕೊಬ್ಬಿದ್ದೀಯ?"

"ಕೊಬ್ಬಿದ್ದಲ್ಲ, ದುಡಿದಿದ್ದು. ಅವನು ಮಾಡು ಅಂದಾಗಲೆಲ್ಲ ಮಣಿ ನೇಯೋಕೆ ಇನ್ನೊಂದು ಮಗ್ಗ ಹಾಕಿದೆ. ಮೈಯೆಲ್ಲ ಮಗ್ಗ, ನೂಲೇ ಇಲ್ಲ! ಬಿಸುಪಿನ ಮಣಿಗೆ ನೇರಳೆ ಕಡಲಿನ ಉಪ್ಪೇ ನೂಲು. ಚಿಟಿಕೆ ಸಾಕು. ಅದನ್ನೇ ನೀವು ನಿಲ್ಲಿಸಿಬಿಟ್ಟಿರಿ."

ಇಂಥ ನಿಯತ್ತಿನವಳನ್ನು ಕಡಿಯಲು ಬಂದೆನಲ್ಲ ಎಂದು ಕೇತರಸನಿಗೆ ನಾಚಿಕೆಯಾಯಿತು, ಅಳುವೂ ಬಂತು. ಕಣ್ಣೊರೆಸಿಕೊಳ್ಳಲು ಬಟ್ಟೆಗಾಗಿ ಸೊಂಟ ತಡಕಿದ. ಗಂಟು ಕೈಗೆ ಸಿಕ್ಕಿತು.

"ಉಪ್ಪಿದೆ" ಎಂದ, ತೊದಲುತ್ತಾ. "ಆದ್ರೆ ದೃಷ್ಟಿ ತೆಗೆದದ್ದು. ಇದನ್ನ ಯಾರೂ ಬಾಯಿಗೆ ಹಾಕಿಕೊಳ್ಳಬಾರದು."

ಚಿಟ್ಟೆ ನಕ್ಕಳು. "ತಾಯಿ ಕೈಯಿಂದ ಬಂದದ್ದು ತಾನೆ? ಕೊಡು ಇತ್ತ."

ಒಂದು ಚಿಟಿಕೆ ನಾಲಿಗೆಗೆ ತಾಕಿತು. ಮಗ್ಗಗಳೆಲ್ಲ ಗಡಗಡ ಎಂದವು. ಬಿಸುಪಿನ ಮಣಿಗಳು ಹೊಳೆಯ ತುಂಬ ಹೊರಟವು. ಹಣೆಬೆಟ್ಟವನ್ನೂ ಮುಟ್ಟಿದವು. "ಮಾಡು, ಇನ್ನೂ ಮಾ..." ಎಂದ ಪುಟ್ಟೊಡೆಯ ಅಲ್ಲಿಗೇ ನಿಲ್ಲಿಸಿದ. ಕಣಿವೆ ಸದ್ದಿಲ್ಲದಾಯಿತು. ಎಷ್ಟೋ ಕಾಲದ ಮೇಲೆ ಚಿಟ್ಟೆ ರೆಕ್ಕೆ ಮಡಚಿ ನಿಟ್ಟುಸಿರು ಬಿಟ್ಟಳು, ಊತ ಇಳಿದು ಮೆಲ್ಲಗೆ ಚಿಕ್ಕವಳಾಗುತ್ತಾ ಬಂದಳು. ಗಾಡಿಗಳು ಹೊರಟವು.

ಹಿಮಜಾಲ ಮಂಜಿನಿಂದಾದವನು. ರಾಜ್ಯ ಜೋಮು ಹಿಡಿದು ಮಲಗಿದ್ದರಷ್ಟೇ ಅವನ ಆಟ ನಡೆಯುತ್ತಿತ್ತು. ಬಿಸುಪು ಅರಮನೆ ಮುಟ್ಟಿದ್ದೇ ತಡ, ಅವನು ಕರಗಿ ನೀರಾಗಿ ಬಚ್ಚಲು ಸೇರಿದ.

ಕೇತರಸ ಬಂದಾಗ ಮೈಳಲದೇವಿ ಬಾಗಿಲಲ್ಲೇ ನಿಂತಿದ್ದಳು. ಅವನು ಅವಳ ಕೈ ಹಿಡಿದ. ಬೆಚ್ಚಗಿತ್ತು.

"ಉಪ್ಪನ್ನ ನೀರಿಗೆ ಹಾಕಿದೆಯೇನೋ?"

"ಇಲ್ಲಮ್ಮ. ಮರೆತೆ."

"ಮರೆತೆಯಾ! ಹೇಳಿದ ಒಂದೇ ಒಂದು ಕೆಲಸ! ಕತ್ತಿ ಕಟ್ಟಿಕೊಳ್ಳೋದು ಮರೀಲಿಲ್ಲ, ಹೊಟ್ಟೆಗೆ ತಿನ್ನೋದು ಮರೀಲಿಲ್ಲ, ಅಮ್ಮ ಹೇಳಿದ್ದು ಮಾತ್ರ..."

ಒಂದು ಮಾತೂ ತಡವರಿಸಲಿಲ್ಲ, ಒಂದು ಕಡೆಯೂ ನಿದ್ದೆ ಬರಲಿಲ್ಲ. ಕೇತರಸನಿಗೆ ಹೊಟ್ಟೆಗೆ ಹಾಲೆರೆದಂತಾಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತು, ಕಣ್ಣು ತುಂಬಿಕೊಂಡು, ಪೂರ್ತಿ ಬೈಸಿಕೊಂಡ.

ಅಂದಿನಿಂದ ಮೈನಾಡಿನ ಗಾಡಿಗಳಲ್ಲಿ ನೇರಳೆ ಉಪ್ಪು ತಪ್ಪಲಿಲ್ಲ, ಒಲೆಗಳು ಮಂಕಾಗಲಿಲ್ಲ. ರಾಣಿಯ ಬೈಗುಳ ದಿನಕ್ಕೊಂದು ಬಾರಿ ಕೇಳಿಸುತ್ತಿತ್ತು, ಕೇಳಿದವರೆಲ್ಲ ಸುಖವಾಗಿ ಊಟಕ್ಕೆ ಕೂರುತ್ತಿದ್ದರು.