ನೀಲಿ ಗೆರೆಯ ಲೆಸಿಯಾ

"ಲೆಸಿಯಾ, ಇನ್ನು ಮೇಲೆ ನೀನು ಫಾರ್ವರ್ಡ್ ಆಡು," ಎಂದರು ಕೋಚ್ ಫ್ರೀಸನ್.

ಸ್ಕೇಟಿನ ಲೇಸು ಬಿಚ್ಚುತ್ತಿದ್ದ ಲೆಸಿಯಾ ತಟ್ಟನೆ ತಲೆ ಎತ್ತಿದಳು. ಬಟ್ಟೆ ಬದಲಿಸುವ ಆ ಪುಟ್ಟ ಕೋಣೆಯಲ್ಲಿ ಒದ್ದೆ ಗ್ಲವ್ಸಿನ ವಾಸನೆ ತುಂಬಿತ್ತು. ಐಸ್ ಹಾಕಿ ತಂಡದ ಮಕ್ಕಳೆಲ್ಲ ಮಾತು ನಿಲ್ಲಿಸಿ ಅವಳನ್ನೇ ನೋಡಿದರು.

"ನಾನು ಡಿಫೆನ್ಸ್ ಅಲ್ವಾ ಕೋಚ್?"

"ಇವತ್ತು ಎದುರು ಟೀಮಿನ ಆ ಗ್ರೇಡಿ ಗೋಲು ಹೊಡೆದಾಗೆಲ್ಲ ನಿನ್ನ ಪಕ್ಕದಿಂದಾನೇ ನುಗ್ಗಿದ. ತಪ್ಪು ನಿಂದಲ್ಲಮ್ಮ. ಅವನ ಒಂದು ಕೈ ನಿನ್ನ ಎರಡು ಕೈಯಷ್ಟು ಉದ್ದ ಇದೆ. ನೀನು ಕೋಲು ಚಾಚಿದ್ರೂ ಅವನಿಗೆ ಮುಟ್ಟಲ್ಲ. ಹಿಂದೆ ನಿಂತು ತಡೆಯೋ ಕೆಲ್ಸಕ್ಕೆ ಆಳು ಸ್ವಲ್ಪ ದೊಡ್ಡದಿರ್ಬೇಕು."

"ಒಂದು ಲಾಭ ಇದೆ ಕೋಚ್," ಎಂದ ಗೋಲು ಕಾಯುವ ಟೋಬಿ, ತನ್ನ ದಪ್ಪ ಪ್ಯಾಡುಗಳ ನಡುವಿನಿಂದ. "ಅವಳು ನನ್ನ ಮುಂದೆ ನಿಂತ್ರೆ ತಲೆ ಮೇಲಿಂದ ಎಲ್ಲಾ ಚೆನ್ನಾಗಿ ಕಾಣ್ಸತ್ತೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಲೆಸಿಯಾ ನಗಲಿಲ್ಲ. ಹತ್ತು ವರ್ಷದ ಅವಳು ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಅದು ಹೊಸ ವಿಷಯವೇನಲ್ಲ. ಆದರೆ ತಮ್ಮ ಭಾಗದ ಎಲ್ಲೆ ತೋರುವ ನೀಲಿ ಗೆರೆಯ ಹತ್ತಿರ ನಿಂತು, ಮಂಜುಗಡ್ಡೆಯ ಇಡೀ ರಿಂಕನ್ನು ಕಣ್ಣ ಮುಂದೆ ಇಟ್ಟುಕೊಂಡು ಆಡುವ ಆ ಜಾಗ ಅವಳ ಪ್ರಾಣ.

"ದೊಡ್ಡ ದೊಡ್ಡ ಟೀಮುಗಳೇ ಗಿಡ್ಡಗಿರೋರನ್ನ ಡಿಫೆನ್ಸಿಗೆ ತಗೊಳ್ಳಲ್ಲ," ಎಂದರು ಕೋಚ್, ದನಿ ಮೆತ್ತಗೆ ಮಾಡಿ. "ನಿಮ್ಮನೇಲೇ ಇದಾನಲ್ಲ ರೆಮಿ, ಅವನನ್ನೇ ಕೇಳಿ ನೋಡು."

"ಒಂದೇ ಒಂದು ಆಟ ಕೊಡಿ ಕೋಚ್. ಮುಂದಿನ ಶನಿವಾರ ಅದೇ ಟೀಮ್ ಜೊತೆ ಇದೆಯಲ್ಲ."

ಕೋಚ್ ಗಡ್ಡ ಕೆರೆದುಕೊಂಡರು. "ಸರಿ. ಒಂದೇ ಆಟ. ಅವತ್ತೂ ಹೀಗೇ ಆದ್ರೆ ಆಮೇಲೆ ಮುಖ ಊದಿಸ್ಕೊಂಡು ಕೂರ್ಬಾರ್ದು, ತಿಳೀತಾ?"

ಹೊರಗೆ ರೆಮಿ ಟ್ರಕ್ಕಿನ ಎಂಜಿನ್ ಆರಿಸದೆ ಕಾಯುತ್ತಿದ್ದ. ಊರಿನ ಜೂನಿಯರ್ ತಂಡಕ್ಕೆ ಆಡಲು ದೂರದೂರಿಂದ ಬರುವ ಹರೆಯದ ಹುಡುಗರನ್ನು ಚಳಿಗಾಲ ಪೂರ್ತಿ ಊರಿನವರೇ ತಮ್ಮ ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತಾರೆ. ಲೆಸಿಯಾಳ ಮನೆಗೆ ಬಂದವನು ಕ್ವಿಬೆಕ್‌ನ ರೆಮಿ. ಹೊಲದ ಮನೆಯ ಮಹಡಿಯ ಕೋಣೆ ಅವನದು. ಅಮ್ಮ ಮಾಡಿದ ಆಲೂಗಡ್ಡೆ ಕಡುಬನ್ನು ತಟ್ಟೆಗಟ್ಟಲೆ ಖಾಲಿ ಮಾಡುತ್ತಿದ್ದ, ತಿಂದದ್ದು ಎಲ್ಲಿಗೆ ಹೋಗುತ್ತದೆಂದು ಅಮ್ಮನಿಗೇ ಅಚ್ಚರಿ. ಅಪ್ಪನ ಪಕ್ಕ ನಿಂತರೆ ಅವನು ಅಪ್ಪನ ಕಿವಿಯವರೆಗೆ ಬರುತ್ತಿದ್ದ, ಅಷ್ಟೆ.

ಅವನೂ ಡಿಫೆನ್ಸ್. ಈ ಶರತ್ಕಾಲದಲ್ಲಿ ಒಂದು ವೃತ್ತಿಪರ ತಂಡ ಅವನನ್ನು ಆಟಗಾರರನ್ನು ಆರಿಸುವ ಕ್ಯಾಂಪಿಗೆ ಕರೆದು, ಕೆಲವು ದಿನ ಆಡಿಸಿ, ಹಿಂದಕ್ಕೆ ಕಳಿಸಿತ್ತು. "ಒಳ್ಳೇ ಹುಡುಗ. ಪಾಪ, ಇನ್ನೊಂದು ಗೇಣು ಬೆಳೀಬೇಕಿತ್ತು," ಎಂದು ಕಾಫಿ ಅಂಗಡಿಯ ಮುದುಕರು ಅವನಿಗೆ ಕೇಳಿಸುವಂತೆಯೇ ಮಾತಾಡಿಕೊಳ್ಳುತ್ತಿದ್ದರು.

"ರೆಮಿ, ಗಿಡ್ಡಗಿರೋರು ಡಿಫೆನ್ಸ್ ಆಡಕ್ಕಾಗಲ್ವಾ?"

ರೆಮಿ ಗಾಜಿನ ಮೇಲಿನ ಹಿಮವನ್ನು ಒಳಗಿನಿಂದ ಉಗುರಿನಲ್ಲಿ ಕೆರೆದ. "ಯಾರಂದ್ರು?"

"ಕೋಚ್. ನಿನ್ನೇ ಕೇಳು ಅಂದ್ರು."

ಟ್ರಕ್ಕು ಊರು ದಾಟಿ, ಗೋಧಿ ಕೊಯ್ದು ಬಿಳುಚಿಕೊಂಡಿದ್ದ ಹೊಲಗಳ ನಡುವೆ ಬಹಳ ದೂರ ಹೋಯಿತು.

"ನಂಗೊತ್ತಿಲ್ಲ ಲೆಸಿಯಾ," ಎಂದ ರೆಮಿ ಕೊನೆಗೆ. "ನಾನೂ ಅದನ್ನೇ ಯೋಚ್ನೆ ಮಾಡ್ತಿದೀನಿ."

ಲೆಸಿಯಾಳಿಗೆ ಆ ಉತ್ತರ ಒಂದಿಷ್ಟೂ ಹಿಡಿಸಲಿಲ್ಲ.

ಮರುದಿನ ಕರು ಬಿಡಿಸುವ ಕೆಲಸ. ಬೇಸಿಗೆಯೆಲ್ಲ ತಾಯಿಯ ಜೊತೆ ಮೇದು ಬಲಿತ ಕರುಗಳನ್ನು ಬೇರೆ ಮಾಡುವ ದಿನ. ಬೇಲಿ ಹಾಕಿದ ದೊಡ್ಡಿಯೊಳಗೆ ಅಪ್ಪ ಮಂದೆಯನ್ನು ಕೂಡಿಹಾಕಿದ್ದ. ಹಸುಗಳು ಗೇಟಿನಿಂದ ಹೊರಗೆ ಹೋಗಬೇಕು, ಕರುಗಳು ಒಳಗೇ ಉಳಿಯಬೇಕು. ಮೂಗಿನಿಂದ ಹಬೆ ಬಿಡುತ್ತ ಅವು ಒಂದನ್ನೊಂದು ನೂಕಾಡುತ್ತಿದ್ದವು.

"ಗೇಟಲ್ಲಿ ನಾನು ನಿಲ್ತೀನಿ," ಎಂದ ರೆಮಿ, ತೋಳು ಮಡಿಸಿ. "ಇದೇನು ಮಹಾ!"

ಪಟ್ಟಣದಲ್ಲಿ ಬೆಳೆದ ರೆಮಿ ಗೇಟಿನ ನಟ್ಟನಡುವೆ ಕಾಲಗಲಿಸಿ ನಿಂತ. ಮೊದಲ ಹಸು ಅವನನ್ನು ನೋಡಿ ನಿಂತಿತು. ಎರಡನೆಯದೂ ನಿಂತಿತು. ಹಿಂದಿನವು ನೂಕಿದವು. ರೆಮಿ ಎರಡೂ ಕೈ ಬೀಸಿದ. ಮಂದೆ ಬೆದರಿ ಒಮ್ಮೆಲೇ ನುಗ್ಗಿತು. ರೆಮಿ ಬೇಲಿ ಹತ್ತಿ ಕುಳಿತ. ಹಸುಗಳ ಜೊತೆ ನಾಲ್ಕಾರು ಕರುಗಳೂ ಬಾಲ ಎತ್ತಿಕೊಂಡು ಹೊರಗೆ ಓಡಿದವು.

"ಏನ್ ಮಾರಾಯ, ಬಸ್ಸಿಗೆ ಕೈ ತೋರ್ಸೋ ಹಾಗೆ ನಿಂತಿದೀಯಲ್ಲ!" ಎಂದು ಅಪ್ಪ ಕೂಗಿದ. "ಇಳಿ, ಇಳಿ. ಲೆಸಿಯಾ, ನೀನೇ ನಿಂತ್ಕೋ ಬಾ."

ಕರುಗಳನ್ನು ಮತ್ತೆ ಒಳಗೆ ತರುವಷ್ಟರಲ್ಲಿ ಎಲ್ಲರಿಗೂ ಆ ಚಳಿಯಲ್ಲೂ ಬೆವರು ಬಂತು. ಲೆಸಿಯಾ ಒಂದು ಸಣ್ಣ ಕೋಲು ಹಿಡಿದು ಗೇಟಿನ ಪಕ್ಕಕ್ಕೆ, ಸ್ವಲ್ಪ ಒಳಗೆ ನಿಂತಳು. ಕೈ ಬೀಸಲಿಲ್ಲ. ಕೂಗಲಿಲ್ಲ. ಹಸು ಬಂದರೆ ಒಂದು ಹೆಜ್ಜೆ ಹಿಂದೆ ಸರಿದಳು, ಹಸು ಹೊರಗೆ ಹೋಯಿತು. ಕರು ಬಂದರೆ ಒಂದು ಹೆಜ್ಜೆ ಮುಂದೆ, ಓರೆಯಾಗಿ ಇಟ್ಟಳು, ಕರು ಬೇಲಿಯ ಕಡೆ ಹೊರಳಿ ಹಿಂದಕ್ಕೆ ಹೋಯಿತು. ಅವಳ ಏಳೆಂಟು ಪಟ್ಟು ತೂಕದ ಒಂದು ಹೋರಿಗರು ತಲೆ ಅತ್ತ ಹಾಕಿ ಇತ್ತ ನುಗ್ಗಲು ನೋಡಿತು. ಅದು ಕಾಲೆತ್ತುವ ಮೊದಲೇ ಲೆಸಿಯಾ ಇತ್ತ ಇದ್ದಳು.

ಬೇಲಿಯ ಮೇಲಿದ್ದ ರೆಮಿ ನಿಧಾನವಾಗಿ ಕೆಳಗಿಳಿದ.

"ಏಯ್, ಅದು ಈ ಕಡೆಗೇ ಬರತ್ತೆ ಅಂತ ಹೇಗೆ ಗೊತ್ತಾಯ್ತು? ತಲೆ ಆ ಕಡೆ ಇತ್ತಲ್ಲ?"

"ತಲೆ ಸುಮ್ನೆ ಹಾಕತ್ತೆ," ಎಂದಳು ಲೆಸಿಯಾ, ಕರುಗಳ ಮೇಲಿನ ಕಣ್ಣು ತೆಗೆಯದೆ. "ತಲೆ ಬರೀ ಸುಳ್ಳು. ಭುಜ ತಿರುಗಿದ್ರೆ ಮಾತ್ರ ನಿಜವಾಗ್ಲೂ ಬರತ್ತೆ."

"ಅಷ್ಟು ದೊಡ್ಡದು ಬಂದು ಗುದ್ದಿಬಿಟ್ರೆ?"

"ಹತ್ರ ಬರೋ ತನ್ಕ ಕಾದ್ರೆ ಗುದ್ದತ್ತೆ. ಅದು ಓಡೋಕೆ ಮುಂಚೆ ನಾವೇ ಅದರ ಕಡೆ ಹೋಗ್ಬೇಕು. ನೀನು ನಿಂತ ಹಾಗೆ ಪೂರ್ತಿ ಅಡ್ಡ ನಿಂತ್ರೆ ಮೈಮೇಲೇ ಬರತ್ತೆ. ಒಂದು ಕಡೆ ದಾರಿ ಬಿಡ್ಬೇಕು, ಬೇಲಿ ಕಡೆ. ಅಲ್ಲಿಗೇ ಹೋಗತ್ತೆ. ಹೋದ್ರೆ ಬೇಲಿ ಇರತ್ತಲ್ಲ."

ರೆಮಿ ಅವಳ ಹತ್ತಿರ ಬಂದು ನಿಂತ. ಆಮೇಲೆ ಕೇಳಿದ: "ನಿನ್ನೆ ಗ್ರೇಡಿ ಬಂದಾಗ ನೀನು ಏನನ್ನ ನೋಡ್ತಿದ್ದೆ?"

"ಪಕ್ ಬಿಲ್ಲೆನ."

"ಎತ್ತ ಹೋದೆ?"

"ಹಿಂದಕ್ಕೆ."

"ಎಲ್ಲಿ ತನ್ಕ?"

"ಟೋಬಿ ಮೇಲೆ ಬೀಳೋ ತನ್ಕ," ಎಂದಳು ಲೆಸಿಯಾ. ಹಾಗೆ ಹೇಳಿದವಳು ಬಾಯಿ ತೆರೆದೇ ನಿಂತಳು. ಕೋಲಿನ ತುದಿಯಲ್ಲಿ ಕುಣಿಯುವ ಆ ಕಪ್ಪು ಬಿಲ್ಲೆ, ಕರುವಿನ ತಲೆಯ ಹಾಗೆ ಅತ್ತ ಇತ್ತ ಆಡುತ್ತ ಅವಳ ಕಣ್ಣ ಮುಂದೆ ಬಂತು.

"ಲೆಸಿಯಾ! ಕರು! ಕರು!" ಎಂದು ಅಪ್ಪ ಅರಚಿದ. ಹೋರಿಗರು ಅವಳ ಬೆನ್ನ ಹಿಂದಿನಿಂದ ಹಾಯಾಗಿ ಹೊರಗೆ ನಡೆದುಹೋಗುತ್ತಿತ್ತು.

ಆ ವಾರ ದನ ನೀರು ಕುಡಿಯುವ ಹೊಂಡ ಹೆಪ್ಪುಗಟ್ಟಿತ್ತು. ಅಪ್ಪ ಕೊಡಲಿಯಿಂದ ಕಡಿದು ನೋಡಿ, "ಹೂಂ, ತಡೆಯತ್ತೆ" ಎಂದ ಮೇಲೆ ಇಬ್ಬರೂ ದಿನಾ ಸಂಜೆ ಅದರ ಮೇಲೆ ಇಳಿದರು. ರೆಮಿ ಪಕ್ ಹೊಡೆದುಕೊಂಡು ಬರುತ್ತಿದ್ದ, ಲೆಸಿಯಾ ತಡೆಯಬೇಕು. ಮೊದಲ ದಿನ ಒಂದು ಸಲವೂ ಆಗಲಿಲ್ಲ. ಮುಂದೆ ಹೋಗಬೇಕೆಂದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅವು ತಾವಾಗಿಯೇ ಹಿಂದೆ ಹಿಂದೆ ಜಾರುತ್ತಿದ್ದವು.

"ಹೆದರಿಕೆ ಆಗತ್ತೆ ಕಣೋ," ಎಂದಳು ಅವಳು ಮಂಜುಗಡ್ಡೆಯ ಮೇಲೆ ಕೂತು.

"ನಂಗೂ ಆಗಿತ್ತು. ಆ ಕ್ಯಾಂಪಲ್ಲಿ ಒಬ್ಬೊಬ್ಬರೂ ನಿಮ್ಮ ದನದ ಕೊಟ್ಟಿಗೆ ಬಾಗಿಲಿನಷ್ಟಿದ್ರು. ನಾನೂ ಹಿಂದೆ ಹಿಂದೆ ಹೋದೆ. ಅವರಿಗೆ ಬೇಕಾದಷ್ಟು ಜಾಗ ಕೊಟ್ಟೆ. ಎಲ್ಲರೂ 'ಸೈಜು, ಸೈಜು' ಅಂದ್ರು, ನಾನೂ ಹೌದು ಅಂದ್ಕೊಂಡೆ." ಅವನು ಕೈ ನೀಡಿ ಅವಳನ್ನು ಎಬ್ಬಿಸಿದ. "ಏಳು. ಈ ಸಲ ನೀನು ಹೊಡ್ಕೊಂಡು ಬಾ, ನಾನು ಗೇಟಲ್ಲಿ ನಿಲ್ತೀನಿ."

ಶನಿವಾರ ರಿಂಕಿನ ಹೊರಗೆ ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ಒಳಗೆ ಕ್ಯಾಂಟೀನಿನಲ್ಲಿ ಅಮ್ಮ ಮತ್ತು ಉಳಿದ ತಾಯಂದಿರು ಈರುಳ್ಳಿ ಹುರಿಯುತ್ತಿದ್ದ ಪರಿಮಳ ಆಡುವ ಮಂಜುಗಡ್ಡೆಯವರೆಗೂ ಬರುತ್ತಿತ್ತು.

ಗ್ರೇಡಿ ಅವಳನ್ನು ನೋಡಿ ಹಲ್ಲು ಕಿರಿದ. "ಓ, ನೀನೇನಾ ಇವತ್ತೂ? ಥ್ಯಾಂಕ್ಸ್ ಕಣೇ!"

ಮೊದಲ ಸಲ ಅವನು ಬಂದಾಗ ಲೆಸಿಯಾ ಮುಂದಕ್ಕೆ ಹೋದದ್ದೇನೋ ನಿಜ. ಆದರೆ ಕಣ್ಣು ಹಳೇ ಚಾಳಿ ಬಿಡಲಿಲ್ಲ. ಗ್ರೇಡಿ ಪಕ್ಕನ್ನು ಎಡಕ್ಕೆ ತೋರಿಸಿ ಬಲಕ್ಕೆ ಎಳೆದುಕೊಂಡ. ಅವಳ ಕೋಲು ಗಾಳಿಯನ್ನು ಹೊಡೆಯಿತು. ಗೋಲು.

ಲೆಸಿಯಾ ಬೆಂಚಿಗೆ ಬಂದು ಕುಳಿತಳು. ಅವಳು ಗಾಜಿನಾಚೆ ನಿಂತಿದ್ದ ರೆಮಿಯನ್ನು ಹುಡುಕಿದಳು. ಅವನು ತನ್ನ ಭುಜ ಮುಟ್ಟಿ ತೋರಿಸಿದ.

ಎರಡನೆಯ ಸಲ ಅವಳು ಪಕ್ಕನ್ನು ನೋಡಲೇ ಇಲ್ಲ. ಗ್ರೇಡಿಯ ಎದೆಯ ಮೇಲೊಂದು ತೋಳದ ಚಿತ್ರವಿತ್ತು. ಆ ತೋಳವನ್ನೇ ನೋಡಿದಳು. ಪಕ್ ಅತ್ತ ಹೋಯಿತು, ಇತ್ತ ಬಂತು, ತೋಳ ಮಾತ್ರ ನೇರವಾಗಿತ್ತು. ಅವಳು ನೀಲಿ ಗೆರೆಯ ಹತ್ತಿರವೇ, ಸ್ವಲ್ಪ ಒಳಗೆ, ಓರೆಯಾಗಿ ನಿಂತಳು. ರಿಂಕಿನ ಸುತ್ತಲಿನ ಹಲಗೆ ಗೋಡೆಯ ಕಡೆ ಅಗಲವಾಗಿ ದಾರಿ ಬಿಟ್ಟಳು. ಗ್ರೇಡಿಗೆ ಆ ದಾರಿ ಚೆನ್ನಾಗಿ ಕಾಣಿಸಿತು. ನುಗ್ಗಿದ. ಸ್ಕೇಟನ್ನು ಎರಡೇ ಸಲ ತಳ್ಳಿ ಮುಂದೆ ಹೋಗುವಷ್ಟರಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಲೆಸಿಯಾ. ಅವನ ಉದ್ದ ಕೈಗೆ ಬೀಸಲು ಜಾಗವೇ ಉಳಿಯಲಿಲ್ಲ. ಪಕ್ ಗೋಡೆಗೆ ಬಡಿದು ಅವಳ ಕೋಲಿಗೆ ಬಂತು.

"ಹೋಯ್!" ಎಂದು ಕ್ಯಾಂಟೀನಿನ ಕಡೆಯಿಂದ ಸೌಟು ಬಡಿದ ಸದ್ದಾಯಿತು. ಅದು ಅಮ್ಮ.

ಆಟದ ಕೊನೆಗೆ ಲೆಸಿಯಾಳ ತಂಡ ಒಂದು ಗೋಲಿನಿಂದ ಮುಂದಿತ್ತು. ಗಡಿಯಾರದಲ್ಲಿ ಇನ್ನೇನು ಸ್ವಲ್ಪವೇ ಸಮಯ. ಆಗ ಗ್ರೇಡಿ ಒಬ್ಬನೇ ಪಕ್ ಕಸಿದುಕೊಂಡು ಬಂದ. ಎದುರಿಗೆ ಲೆಸಿಯಾ, ಅವಳ ಹಿಂದೆ ಟೋಬಿ. ಬೇರೆ ಯಾರೂ ಇಲ್ಲ.

"ಹಿಂದೆ ಬಾರೇ!" ಎಂದು ಟೋಬಿ ಕೂಗಿದ.

ಅವಳು ಮುಂದಕ್ಕೆ ಹೋದಳು.

ಗ್ರೇಡಿ ಈ ಸಲ ಜಾಣನಾಗಿದ್ದ. ಗೋಡೆಯ ಕಡೆ ಹೋಗುವವನಂತೆ ತಲೆ ಹಾಕಿದ, ಪಕ್ಕನ್ನೂ ಅತ್ತ ತಳ್ಳಿದ. ತೋಳ ಅತ್ತ ತಿರುಗಲಿಲ್ಲ. ಲೆಸಿಯಾ ಅಲ್ಲಾಡಲಿಲ್ಲ. ಅವನು ನಡುವೆ ನುಗ್ಗಲೆಂದು ಭುಜ ತಿರುಗಿಸಿದ ಆ ಗಳಿಗೆಯಲ್ಲಿ ಅವಳ ಕೋಲು ಆಗಲೇ ಅಲ್ಲಿತ್ತು. ಪಕ್ ಅವನ ಕೋಲಿನಿಂದ ಕಳಚಿ ಬಂತು. ಅವಳು ತಲೆ ಎತ್ತಿ, ಇಡೀ ರಿಂಕನ್ನು ನೋಡಿ, ದೂರದಲ್ಲಿದ್ದ ತನ್ನವರಿಗೆ ಅದನ್ನು ಕೊಟ್ಟಳು. ಭೋಂ ಎಂದು ಆಟ ಮುಗಿದ ಸದ್ದಾಯಿತು.

ಟೋಬಿ ಓಡಿ ಬಂದು ಅವಳ ಹೆಲ್ಮೆಟ್ಟಿಗೆ ಬಡಿದ. "ಏನೇ ಇದು! ನಂಗೆ ಕೆಲ್ಸಾನೇ ಕೊಡ್ಲಿಲ್ಲ. ನಿಂತೂ ನಿಂತೂ ಚಳಿ ಹಿಡೀತು!"

ಆಟದ ಕೊನೆಗೆ ಎರಡೂ ತಂಡ ಸಾಲಾಗಿ ಕೈ ಕುಲುಕುವಾಗ ಗ್ರೇಡಿ ಅವಳ ಕೈ ಬಿಡದೆ ನಿಂತ. "ಏನ್ ಮಾಡ್ದೆ ನೀನು? ನಂಗೆ ಜಾಗಾನೇ ಇರ್ಲಿಲ್ಲ."

"ಬೇಕಾದಷ್ಟು ಜಾಗ ಬಿಟ್ಟಿದ್ನಲ್ಲೋ," ಎಂದಳು ಲೆಸಿಯಾ.

ಬಾಗಿಲಲ್ಲಿ ಕೋಚ್ ಫ್ರೀಸನ್ ನಿಂತಿದ್ದರು. ಲೆಸಿಯಾ ಹೆಲ್ಮೆಟ್ ಕಳಚಿದಳು. "ಮುಂದಿನ ವಾರ ನಾನು ಎಲ್ಲಿ ಆಡ್ಲಿ ಕೋಚ್?"

"ಎಲ್ಲಿ ಅಂದ್ರೆ? ನೀನು ಡಿಫೆನ್ಸ್ ಅಲ್ವೇನಮ್ಮ?" ಎಂದರು ಕೋಚ್, ಬೇರೆ ಮಾತೇ ನಡೆದಿರಲಿಲ್ಲವೆಂಬಂತೆ.

ಚಳಿಗಾಲದ ಕೊನೆಗೆ ರೆಮಿಯ ತಂಡದ ಆಟಗಳೆಲ್ಲ ಮುಗಿದವು. ಅವನು ಬ್ಯಾಗು ಕಟ್ಟುತ್ತಿದ್ದಾಗ ಫೋನು ಬಂತು. ಪೂರ್ವದ ಒಂದು ವೃತ್ತಿಪರ ತಂಡದಲ್ಲಿ ಡಿಫೆನ್ಸಿನವರು ಒಬ್ಬರ ಹಿಂದೊಬ್ಬರು ಪೆಟ್ಟು ಮಾಡಿಕೊಂಡಿದ್ದರು. ಕೂಡಲೇ ಬರಬಹುದೇ ಎಂದು ಕೇಳಿದರು.

"ಒಂದೆರಡು ಆಟ ಆಡಿಸಿ ಕಳಿಸ್ತಾರೆ, ನೋಡ್ತಿರಿ," ಎಂದರು ಕಾಫಿ ಅಂಗಡಿಯ ಮುದುಕರು. ಒಂದೆರಡು ಆಟ ಆಯಿತು. ಅವನನ್ನು ಕಳಿಸಲಿಲ್ಲ. ಇನ್ನೂ ಕೆಲವು ಆಟ ಆಯಿತು. ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತು, ಪ್ಲೇಆಫ್, ಶುರುವಾದರೂ ರೆಮಿ ಅಲ್ಲೇ ಇದ್ದ.

ಆ ಭಾನುವಾರ ಮಧ್ಯಾಹ್ನ ಅರ್ಧ ಊರು ರಿಂಕಿನ ಕ್ಯಾಂಟೀನಿನಲ್ಲಿ ಸೇರಿತ್ತು. ಗೋಡೆಯ ಟೀವಿಯಲ್ಲಿ ರೆಮಿ ಅಷ್ಟು ದೊಡ್ಡವರ ನಡುವೆ ಇನ್ನೂ ಚಿಕ್ಕವನಾಗಿ ಕಾಣುತ್ತಿದ್ದ. ಎದುರಾಳಿ ತಂಡದ ಭಾರೀ ಆಳೊಬ್ಬ ಪಕ್ ಹೊಡೆದುಕೊಂಡು ಅವನ ಮೇಲೇ ಬಂದ. ಕ್ಯಾಂಟೀನಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದರು. ಆ ಆಳು ಗೋಡೆಯ ಕಡೆ ಹೋದ, ಮೂಲೆ ಸೇರಿದ, ಅಲ್ಲೇ ಸಿಕ್ಕಿಬಿದ್ದ. ಪಕ್ ರೆಮಿಯ ಹತ್ತಿರವಿತ್ತು. ಅಲ್ಲಿಯ ಸಾವಿರಾರು ಜನ ಒಟ್ಟಿಗೆ ಕೂಗಿದರು, ಇಲ್ಲಿಯ ಕ್ಯಾಂಟೀನೂ ಕೂಗಿತು.

"ಅದೃಷ್ಟ ನೋಡಿ ಹುಡುಗನ್ದು!" ಎಂದ ಒಬ್ಬ ಮುದುಕ, ಮೇಜು ಗುದ್ದಿ. "ಆ ದಡಿಯ ತಾನಾಗೇ ಹೋಗಿ ಮೂಲೆಗೆ ಬಿದ್ದ!"

ಲೆಸಿಯಾ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಆ ದಡಿಯ ಇನ್ನೂ ದೂರದಲ್ಲಿದ್ದಾಗಲೇ ರೆಮಿ ಅವನ ಕಡೆಗೆ ಸರಿದದ್ದನ್ನು, ಸದ್ದಿಲ್ಲದೆ ಒಂದು ದಾರಿ ಬಿಟ್ಟದ್ದನ್ನು ಅವಳು ನೋಡಿದ್ದಳು. ಮೇಜಿನ ಕೆಳಗೆ ಅವಳ ಕಾಲುಗಳೂ ಅವನ ಜೊತೆಗೇ ಸರಿದಿದ್ದವು.

ಅವಳು ತಿರುಗಿದಾಗ ಕೋಚ್ ಫ್ರೀಸನ್ ಟೀವಿ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದರು. ರೆಮಿ ಆಡಿದ್ದು ತನ್ನ ಆಟವನ್ನೇ ಎಂಬುದು ಅವರಿಗೂ ಕಾಣಿಸಿತ್ತು ಎಂದು ಲೆಸಿಯಾಳಿಗೆ ಗೊತ್ತಾಯಿತು.